ಎರಡೂವರೆ ಗಂಟೆಯ ಸೋದರಮಾವ

ಕಳೆದ ಭಾನುವಾರ ನಮ್ಮ ಮನೆಯಲ್ಲಿ ಮಗಳ ಕಿವಿ ಚುಚ್ಚುವ ಕಾರ್ಯಕ್ರಮ ಇತ್ತು.

ಇತ್ತು ಎಂದೆ. ಆಯಿತು ಎನ್ನಲಿಲ್ಲ. ಗಮನಿಸಿ.

ಮಗಳು ಅನುವಿಗೆ ಆರು ವರ್ಷ ತುಂಬಿದೆ. ಆರು ತುಂಬಿದ ಹುಡುಗಿಯ ಕಿವಿ ಇನ್ನೂ ಖಾಲಿ ಎಂದರೆ ನಮ್ಮ ಕಡೆಯ ಹೆಂಗಸರು ಮೊದಲು ಅವಳ ಕಿವಿ ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. 'ಇನ್ನೂ ಎಂತಕ್ಕೆ ಚುಚ್ಚಿಸ್ಲಿಲ್ಲ?' ಎಂದು ಕೇಳುತ್ತಾರೆ. ಕಾರಣ ಹೇಳಿದರೆ ಯಾರೂ ನಂಬುವುದಿಲ್ಲ. ಕಾರಣ ಇಷ್ಟೇ: ಅವಳ ಸೋದರಮಾವ ತುಂಬಾ ಹತ್ತಿರದಲ್ಲಿದ್ದಾನೆ.

ಹೌದು ಸ್ವಾಮಿ, ಹತ್ತಿರದಲ್ಲಿ. ಎರಡೂವರೆ ಗಂಟೆ ಅಷ್ಟೇ.

ನಮ್ಮದು ಉಡುಪಿ ಕಡೆ. ನಮ್ಮವರ ಬ್ಯಾಂಕು ನಮ್ಮನ್ನು ಅಲ್ಲಿ ಇಲ್ಲಿ ತಿರುಗಿಸಿ ಕೊನೆಗೆ ಕೋಲ್ಕತ್ತಾದ ಬೆಹಾಲಾಕ್ಕೆ ತಂದು ಬಿಟ್ಟಿತು. ಬಿಟ್ಟು ಎಂಟು ವರ್ಷವಾಯಿತು (ಬಿಟ್ಟದ್ದು ಮರೆತೇ ಹೋಗಿದೆಯೋ ಏನೋ). ಊರು ಬಿಟ್ಟರೂ ಮನೆಯ ಕೆಲವು ಕ್ರಮಗಳನ್ನು ನಾವು ಬಿಟ್ಟಿಲ್ಲ. ಅದರಲ್ಲೊಂದು, ಮಗುವಿನ ಕಿವಿ ಚುಚ್ಚುವಾಗ ಅದು ಸೋದರಮಾವನ ತೊಡೆಯ ಮೇಲೆ ಕುಳಿತಿರಬೇಕು. ಅಪ್ಪನ ತೊಡೆ ಆಗುವುದಿಲ್ಲ. ಅಜ್ಜನದೂ ಆಗುವುದಿಲ್ಲ. ಅಳುವ ಮಗುವನ್ನು ಅಲುಗಾಡದಂತೆ ಹಿಡಿದುಕೊಳ್ಳುವುದಕ್ಕೇ ದೇವರು ತಾಯಿಗೆ ಅಣ್ಣತಮ್ಮಂದಿರನ್ನು ಕೊಟ್ಟಿರುವುದು ಎಂದು ನನ್ನ ಅಮ್ಮ ಬಲವಾಗಿ ನಂಬಿದ್ದಾಳೆ.

'ಮಾಲ್‌ನಲ್ಲಿ ಗನ್ ಇಟ್ಟು ಟಪ್ ಅಂತ ಹೊಡೀತಾರಮ್ಮ, ಎರಡು ಸೆಕೆಂಡು' ಎಂದು ನಾನೊಮ್ಮೆ ಹೇಳಿ ನೋಡಿದ್ದೆ.

'ಸೋದರಮಾವ ಗಟ್ಟಿಮುಟ್ಟಾಗಿ ಇರುವಾಗ ಗನ್ ಎಂತಕ್ಕೆ?' ಎಂದಳು ಅಮ್ಮ.

ಸೋದರಮಾವ, ಅಂದರೆ ನನ್ನ ಅಣ್ಣ ಸುಧಾಕರ, ನಿಜಕ್ಕೂ ಗಟ್ಟಿಮುಟ್ಟಾಗಿಯೇ ಇದ್ದಾನೆ. ಬೆಂಗಳೂರಿನ ಜಯನಗರದಲ್ಲಿ ಆಡಿಟರ್. ಅಮ್ಮ ಅವನ ಜೊತೆಗೇ ಇದ್ದಾಳೆ. ಅನು ಹುಟ್ಟಿದ ದಿನ ಫೋನಿನಲ್ಲಿ ನನಗಿಂತ ಹೆಚ್ಚು ಅತ್ತವನು ಅವನೇ. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, 'ಬರ್ತೇನೆ ವೀಣಾ. ಎಷ್ಟು ದೂರ ಮಹಾ? ಎರಡೂವರೆ ಗಂಟೆ!' ಎಂದಿದ್ದ.

ಅದು ಆರು ವರ್ಷದ ಹಿಂದಿನ ಮಾತು.

ಮೊದಲ ಎರಡು ವರ್ಷದ ಪಾಪವನ್ನು ಕೊರೊನಾ ತಲೆಗೆ ಕಟ್ಟಿದೆವು. ಆಮೇಲೆ ಕೊರೊನಾ ಹೋಯಿತು, ಅಣ್ಣ ಬರಲಿಲ್ಲ. ಆಡಿಟ್ ಸೀಸನ್ ಬಂತು. ಆಡಿಟ್ ಮುಗಿದ ಮೇಲೆ ರಿಟರ್ನ್ಸ್ ಬಂತು. ಒಮ್ಮೆ ನಾವೇ ಬೆಂಗಳೂರಿಗೆ ಹೋದೆವು. ಅಂದು ಅವನು ಮುಂಬೈಗೆ ಹೋಗಿ ಕೂತಿದ್ದ. ಫೋನ್ ಮಾಡಿದರೆ, 'ಮುಂಬೈ ಎಷ್ಟು ದೂರ ಮಾರಾಯ್ತಿ, ಒಂದೂವರೆ ಗಂಟೆ, ಸಂಜೆಗೆ ಬಂದೆ' ಎಂದ. ನಮ್ಮ ರಜೆ ಮುಗಿದು ನಾವು ಹೊರಟ ಮೇಲೆ ಅವನ ಆ ಸಂಜೆ ಆಯಿತು.

ನಿಮ್ಮ ಮನೆಯಲ್ಲೂ ಇಂಥವರು ಒಬ್ಬರಿದ್ದಾರೆ. ಇಲ್ಲ ಎನ್ನಬೇಡಿ.

ಈ 'ಎರಡೂವರೆ ಗಂಟೆ' ಎಲ್ಲಿಂದ ಬಂತು ಎಂದು ಹುಡುಕಲು ಒಂದು ದಿನ ನಾನೇ ಕೂತೆ. ಇಂಟರ್ನೆಟ್‌ನಲ್ಲಿ ಇದಕ್ಕೆಂದೇ ಸೈಟುಗಳಿವೆ. ಈ ಊರಿನಿಂದ ಆ ಊರಿಗೆ ಎಷ್ಟು ದೂರ ಎಂದು ಕೇಳಿದರೆ ಸಾಕು, ಭೂಪಟದ ಮೇಲೆ ಒಂದು ಬಾಗಿದ ಗೆರೆ ಎಳೆದು ತೋರಿಸುತ್ತವೆ. ಕೋಲ್ಕತ್ತಾದಿಂದ ಬೆಂಗಳೂರಿಗೆ ವಿಮಾನದ ದಾರಿ ಸುಮಾರು ಸಾವಿರದೈನೂರು ಕಿಲೋಮೀಟರು ಚಿಲ್ಲರೆ. ಹಾರಾಟದ ಸಮಯ ಎರಡೂವರೆ ಗಂಟೆ. ಎಷ್ಟು ಚೆಂದದ ಗೆರೆ ಅಂತೀರಿ! ಒಂದು ಸಿಗ್ನಲ್ ಇಲ್ಲ, ಒಂದು ಹಂಪ್ ಇಲ್ಲ. ಗೆರೆಯ ಆ ತುದಿಗೆ ಅಣ್ಣ, ಈ ತುದಿಗೆ ನಾನು.

ಆದರೆ ಆ ಗೆರೆಯ ತುದಿಯಲ್ಲಿ ಯಾರ ಮನೆಯೂ ಇಲ್ಲ. ಇರುವುದು ವಿಮಾನ ನಿಲ್ದಾಣ. ಅಣ್ಣನ ಮನೆ ಜಯನಗರದಲ್ಲಿ, ವಿಮಾನ ಹಾರುವುದು ದೇವನಹಳ್ಳಿಯಲ್ಲಿ. ನಮ್ಮ ಮನೆ ಬೆಹಾಲಾದಲ್ಲಿ, ವಿಮಾನ ಇಳಿಯುವುದು ದಮ್‌ದಮ್‌ನಲ್ಲಿ. ಬೆಂಗಳೂರಿನ ಒಂದು ತುದಿಯಿಂದ ಇನ್ನೊಂದು ತುದಿಗೆ, ಆಮೇಲೆ ಕೋಲ್ಕತ್ತಾದ ಒಂದು ತುದಿಯಿಂದ ಇನ್ನೊಂದು ತುದಿಗೆ. ಇದೆಲ್ಲ ಲೆಕ್ಕಕ್ಕಿಲ್ಲ. ಬೇಗ ಬಂದು ಕಾಯಿರಿ ಎನ್ನುತ್ತಾರಲ್ಲ, ಅದೂ ಲೆಕ್ಕಕ್ಕಿಲ್ಲ. ಬೆಲ್ಟು, ಗಡಿಯಾರ ಬಿಚ್ಚಿ ಟ್ರೇಗೆ ಹಾಕಿ ಪ್ಯಾಂಟ್ ಹಿಡಿದುಕೊಂಡು ನಿಲ್ಲುವ ಹೊತ್ತೂ ಇಲ್ಲ. ಚಕ್ರ ನೆಲ ಬಿಟ್ಟಾಗಿನಿಂದ ಚಕ್ರ ನೆಲ ಮುಟ್ಟುವವರೆಗೆ ಮಾತ್ರ ಪ್ರಯಾಣವಂತೆ.

ಇದು ಹೇಗಾಯಿತು ಗೊತ್ತೇ? ಅಡುಗೆಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಿದರೆ ಒಗ್ಗರಣೆಯ ಸಾಸಿವೆ ಸಿಡಿಯುವ ಹೊತ್ತು ಎಂದ ಹಾಗಾಯಿತು. ಹಾಗೆ ಹೇಳುವವರು ಯಾರು? ಎಂದೂ ಅಡುಗೆಮನೆಗೆ ಕಾಲಿಡದವರು.

ನಮ್ಮವರಿಗೆ ಇಲ್ಲಿಗೆ ಟ್ರಾನ್ಸ್‌ಫರ್ ಆದಾಗಲೂ ಅವರ ಸಾಹೇಬರು ಹೇಳಿದ್ದು ಇದನ್ನೇ. 'ಕೋಲ್ಕತ್ತಾ ಅಂದ್ರೆ ಎಂಥಾ ದೂರಾ ರೀ? ಎರಡೂವರೆ ತಾಸು. ಬೆಳಿಗ್ಗೆ ನಾಷ್ಟಾ ಅಲ್ಲಿ, ಮಧ್ಯಾಹ್ನ ಊಟ ಇಲ್ಲಿ' ಎಂದು ಧಾರವಾಡದ ಆ ಮಹಾನುಭಾವರು ನಗುತ್ತಾ ಆರ್ಡರ್ ಕೈಗಿತ್ತರು. ಹಿಂದೆ ದೂರದ ಊರಿಗೆ ಹಾಕಿದರೆ ಪಾಪ ಎಂದಾದರೂ ಅನ್ನುತ್ತಿದ್ದರು. ಈಗ ಅದೂ ಇಲ್ಲ. ಯಾವ ಊರೂ ದೂರವಲ್ಲ ಎಂದ ಮೇಲೆ ಪಾಪ ಅನ್ನುವುದು ಯಾರಿಗೆ?

ನಮ್ಮವರ ಅಪ್ಪ ಊರಲ್ಲಿ ತೀರಿಕೊಂಡ ದಿನವೂ ನಾವು ಈ ಲೆಕ್ಕವನ್ನೇ ನಂಬಿ ಹೊರಟೆವು. ಒಂದು ವಿಮಾನ ಇಳಿದು ಇನ್ನೊಂದಕ್ಕೆ ಕಾದು, ಅಲ್ಲಿಂದ ಕಾರು ಹಿಡಿದು ಮನೆ ಮುಟ್ಟುವಾಗ ಅಂಗಳ ತೊಳೆದಾಗಿತ್ತು. ಕಾದೂ ಕಾದೂ ಆಗಲಿಲ್ಲ ಎಂದರು. ನನಗೆ ಈಗಲೂ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಗೊತ್ತಾಗುವುದಿಲ್ಲ.

ಬಿಡಿ. ಕಿವಿಯ ವಿಷಯಕ್ಕೆ ಬರೋಣ.

ನನ್ನ ಕಿವಿ ಚುಚ್ಚಿದಾಗ ನನ್ನ ಸೋದರಮಾವ ಬಂದದ್ದು ಹುಬ್ಬಳ್ಳಿಯಿಂದ, ಕೆಂಪು ಬಸ್ಸಿನಲ್ಲಿ, ರಾತ್ರಿಯಿಡೀ ಘಾಟಿಯಲ್ಲಿ ವಾಂತಿ ಮಾಡಿಕೊಳ್ಳುತ್ತ. ಕಾರ್ಯಕ್ರಮಕ್ಕೆ ಎರಡು ದಿನ ಮೊದಲೇ ಬಂದರು. ಕಿವಿ ಚುಚ್ಚಿದ ಮೇಲೆ ಹೋದರೇ? ಇಲ್ಲ. ಗಾಯ ಒಣಗಲಿ ಎಂದರು. ಗಾಯ ಒಣಗಿತು, ಸೌತೆಕಾಯಿ ಸಾಂಬಾರು ಚೆನ್ನಾಗಿದೆ ಎಂದರು. ಕೊನೆಗೆ ಅಪ್ಪನೇ ಬಸ್ಸಿನ ಟಿಕೆಟ್ ತಂದು ಕೈಯಲ್ಲಿಟ್ಟರು. ದೂರದಿಂದ ಬಂದವರು ಬೇಗ ಹೋಗುತ್ತಿರಲಿಲ್ಲ. ಅಷ್ಟು ಕಷ್ಟಪಟ್ಟು ಬಂದದ್ದು ದಂಡವಾಗಬಾರದಲ್ಲ.

ಈಗ ಬರಲು ಕಷ್ಟವಿಲ್ಲ. ಹಾಗಾಗಿ ಯಾರೂ ಬರುವುದಿಲ್ಲ. ಯಾವಾಗ ಬೇಕಾದರೂ ಬರಬಹುದಾದ ಮೇಲೆ ಇವತ್ತೇ ಯಾಕೆ ಬರಬೇಕು?

ಇಷ್ಟು ವರ್ಷ ಅನು ತಲೆ ಕೆಡಿಸಿಕೊಂಡಿರಲಿಲ್ಲ. ಈ ವರ್ಷ ಶಾಲೆಯಲ್ಲಿ ಡಾನ್ಸಿಗೆ ಸೇರಿದಳು. ಉಳಿದ ಹುಡುಗಿಯರೆಲ್ಲ ಜುಮಕಿ ಹಾಕಿದರೆ ಇವಳಿಗೆ ಅಂಟಿಸುವ ಸ್ಟಿಕ್ಕರ್. ಕುಣಿಯುವಾಗ ಒಂದು ಸ್ಟಿಕ್ಕರ್ ಬಿದ್ದು ಹೋಯಿತು. ಮಕ್ಕಳು ನಕ್ಕರಂತೆ. ಮನೆಗೆ ಬಂದವಳು ಚೀಲ ಎಸೆದು, 'ಅಮ್ಮಾ, ಎವ್ರಿಬಡಿ ಹ್ಯಾಸ್ ಹೋಲ್ಸ್! ಮಾವ ಕಬ್ ಆಯೇಗಾ?' ಮಾವ ಯಾವಾಗ ಬರುವುದು ಎಂದು ಅತ್ತಳು. (ಅವಳಿಗೆ ಕನ್ನಡ ಅರ್ಥವಾಗುತ್ತದೆ. ಅಳುವುದು ಮಾತ್ರ ಉಳಿದ ಭಾಷೆಗಳಲ್ಲಿ.) ಅದೇ ಅಳುವನ್ನು ರೆಕಾರ್ಡ್ ಮಾಡಿ ಅಣ್ಣನಿಗೆ ಕಳಿಸಿದೆ.

ಅದು ನಾಟಿತು. ಅರ್ಧ ಗಂಟೆಯಲ್ಲಿ ಅಣ್ಣನ ಫೋನು.

'ಬರುವ ಭಾನುವಾರ ಬಂದೆ. ಟಿಕೆಟ್ ಆಯ್ತು. ಬೆಳಿಗ್ಗೆ ಫಸ್ಟ್ ಫ್ಲೈಟ್, ಸಂಜೆ ವಾಪಸ್.'

'ಸಂಜೆಯೇ? ಒಂದು ದಿನ ಇರ್ಲಿಕ್ಕೆ ಆಗುವುದಿಲ್ವಾ?'

'ಸೋಮವಾರ ಕ್ಲಯೆಂಟ್ ಉಂಟು ಮಾರಾಯ್ತಿ. ನೀನು ತಲೆಬಿಸಿ ಮಾಡ್ಬೇಡ, ನಾನು ಎಲ್ಲಾ ಪ್ಲಾನ್ ಮಾಡಿದ್ದೇನೆ. ಎರಡೂವರೆ ಗಂಟೆ ಹೋಗ್ಲಿಕ್ಕೆ, ಎರಡೂವರೆ ಬರ್ಲಿಕ್ಕೆ. ಮಧ್ಯ ಇಡೀ ದಿನ ನಿಮ್ಮ ಹತ್ರವೇ ಅಲ್ವಾ?'

ಆಡಿಟರ್ ಅಲ್ಲವೇ? ಪ್ಲಾನ್ ಅನ್ನು ಎಕ್ಸೆಲ್ ಶೀಟ್ ಮಾಡಿ ವಾಟ್ಸಾಪ್‌ನಲ್ಲೂ ಕಳಿಸಿದ. ಒಂಬತ್ತಕ್ಕೆ ಲ್ಯಾಂಡಿಂಗ್. ಒಂಬತ್ತೂವರೆಗೆ ಬೆಹಾಲಾ. ನಾನು ಕನ್ನಡಕ ಹಾಕಿಕೊಂಡು ಮತ್ತೆ ನೋಡಿದೆ. ದಮ್‌ದಮ್‌ನಿಂದ ಬೆಹಾಲಾಕ್ಕೆ ಅರ್ಧ ಗಂಟೆ! ಆಂಬುಲೆನ್ಸ್ ಕೂಡ ಹಾಗೆ ಬರುವುದಿಲ್ಲ. ಕೇಳಿದ್ದಕ್ಕೆ, 'ಅದೇ ಊರೊಳಗೇ ಅಲ್ವಾ?' ಎಂದ. ಊರೊಳಗೆ ಎಂದರೆ ದೂರವೇ ಇರುವುದಿಲ್ಲ ಎಂದು ಜಯನಗರದಲ್ಲಿದ್ದುಕೊಂಡು ಹೇಳುವ ಧೈರ್ಯ ಅವನಿಗೆ ಹೇಗೆ ಬಂತೋ.

ಭಾನುವಾರ ಬಂತು. ಅನು ಬೆಳಗ್ಗೆ ನಾನು ಎಬ್ಬಿಸುವ ಮೊದಲೇ ಎದ್ದು ರೇಷ್ಮೆ ಲಂಗ ಹಾಕಿ ಕೂತಿದ್ದಳು. ಗರಿಯಾಹಾಟ್‌ನಲ್ಲಿ ಸಣ್ಣ ಅಂಗಡಿ ಇಟ್ಟಿರುವ ಅಕ್ಕಸಾಲಿ ಬಿಮಲ್‌ದಾ ಎಂಟೂವರೆಗೆ ಸರಿಯಾಗಿ ತನ್ನ ಡಬ್ಬಿ ಹಿಡಿದು ಬಂದರು. ಕಿವಿಗೆ ಚುಚ್ಚಿ ಅಲ್ಲೇ ತಿರುಚಿ ಬಿಡುವ ಚಿನ್ನದ ತಂತಿ ತಂದಿದ್ದರು. ಪಕ್ಕದ ಫ್ಲ್ಯಾಟಿನ ಶಿಖಾದಿ ಹೊಸ ಸೀರೆ ಉಟ್ಟು ಬಂದರು. (ಇಲ್ಲಿ ಹೆಸರಿನ ಕೊನೆಗೆ ದಾ ಎಂದರೆ ಅಣ್ಣ, ದಿ ಎಂದರೆ ಅಕ್ಕ.) ಬಂದವರೇ ಕೇಳಿದ್ದು, 'ಮಾಮಾ ಕೋಥಾಯ್?' ಮಾವ ಎಲ್ಲಿ?

ಶಿಖಾದಿಗೆ ಈ ಕ್ರಮ ವಿವರಿಸಬೇಕಾಗಿಯೇ ಬರಲಿಲ್ಲ. ಬಂಗಾಳಿಗಳಲ್ಲೂ ಮಗುವಿಗೆ ಮೊದಲ ತುತ್ತು ಅನ್ನ ಉಣಿಸುವುದು ತಾಯಿಯ ಅಣ್ಣನೋ ತಮ್ಮನೋ. ಮಾಮಾ ಬಂದು ಪಾಯಸ ಬಾಯಿಗಿಡದೆ ಮಗು ಅನ್ನ ತಿನ್ನುವಂತಿಲ್ಲ. ನಾನು ಅಣ್ಣನ ಕಥೆ ಹೇಳಿದಾಗ ಆಕೆ ಗಲ್ಲದ ಮೇಲೆ ಕೈಯಿಟ್ಟು, 'ಸದ್ಯ, ನಿಮ್ಮಲ್ಲಿ ಕಿವಿ ಮಾತ್ರ. ಅನ್ನ ಆಗಿದ್ದರೆ ಈ ಹುಡುಗಿ ಆರು ವರ್ಷ ಉಪವಾಸ' ಎಂದರು, ಹಿಂದಿಯಲ್ಲಿ.

ಅಷ್ಟರಲ್ಲಿ ಅಣ್ಣನ ಫೋನು. 'ವೀಣಾ! ಲ್ಯಾಂಡ್ ಆದೆ! ಬಿಫೋರ್ ಟೈಮ್! ಹೇಳಿದೆ ಅಲ್ವಾ?'

ವಿಮಾನದೊಳಗೆ ಜನ ಚಪ್ಪಾಳೆ ತಟ್ಟುವುದು ನನಗೂ ಕೇಳಿಸಿತು. ನಮ್ಮವರು ಒಲೆಯ ಮೇಲಿನ ಪಾಯಸಕ್ಕೆ ಏಲಕ್ಕಿ ಹಾಕಲು ಹೇಳಿದರು.

ಏಲಕ್ಕಿ ಹಾಕಿದೆ. ಪಾಯಸ ಆರಿತು. ಅಣ್ಣ ಬರಲಿಲ್ಲ. ಫೋನ್ ಮಾಡಿದರೆ ಇನ್ನೂ ಏರ್‌ಪೋರ್ಟ್‌ನ ಒಳಗೇ ಇದ್ದಾನೆ!

'ಎಂತ ಮಾಡ್ತಿದ್ದಿ ಅಲ್ಲಿ?'

'ಲಗೇಜ್ ಬರ್ಲಿಕ್ಕುಂಟು.'

'ಒಂದು ದಿನಕ್ಕೆ ಬರುವವನಿಗೆ ಎಂಥ ಲಗೇಜ್?'

'ಅಮ್ಮ ಮಿಡಿ ಉಪ್ಪಿನಕಾಯಿ ಕಟ್ಟಿದ್ದಾಳೆ. ಕೈಯಲ್ಲಿ ತಕೊಂಡು ಹೋಗ್ಲಿಕ್ಕೆ ಬಿಡುವುದಿಲ್ಲ ಅಂದ್ರು. ಚೆಕ್-ಇನ್ ಮಾಡಿದೆ.'

ಗಂಟೆಗೆ ನೂರಾರು ಕಿಲೋಮೀಟರ್ ಹಾರಿ ಬಂದು, ಎಲ್ಲರಿಗಿಂತ ಮೊದಲು ಇಳಿದು, ಈ ಮನುಷ್ಯ ಬೆಲ್ಟಿನ ಮುಂದೆ ನಿಂತು ಉಪ್ಪಿನಕಾಯಿಗೆ ಕಾಯುತ್ತಿದ್ದಾನೆ. ಇಂಥ ತಪ್ಪು ಮಾಡಲು ನಮ್ಮ ಊರಿನವರಿಗೆ ಮಾತ್ರ ಸಾಧ್ಯ. ಚಂದ್ರನಿಗೆ ರಾಕೆಟ್ ಹತ್ತುವವನ ಕೈಗೂ ಉಡುಪಿಯ ತಾಯಂದಿರು ಒಂದು ಭರಣಿ ಕೊಟ್ಟೇ ಕಳಿಸುತ್ತಾರೆ. ಅವನೂ ಬೇಡ ಎನ್ನುವುದಿಲ್ಲ.

ಭರಣಿಯ ಪೆಟ್ಟಿಗೆ ಬಂತು. ಅಣ್ಣ ಟ್ಯಾಕ್ಸಿ ಹತ್ತಿದ. ಆಮೇಲಿನ ಒಂದೂವರೆ ಗಂಟೆ ನಾನು 'ಎಲ್ಲಿದ್ದಿ?' ಎಂದು ಕೇಳಿದಾಗಲೆಲ್ಲ ಅವನು 'ಇಲ್ಲೇ' ಎಂದ. ಇಲ್ಲೇ ಎಂದರೆ ಬೈಪಾಸ್ ರಸ್ತೆ. ಅಂದು ಯಾವುದೋ ಮಿಛಿಲ್ ಹೊರಟಿತ್ತು. ಮಿಛಿಲ್ ಎಂದರೆ ಮೆರವಣಿಗೆ. ಈ ಊರಲ್ಲಿ ಯಾವ ದಿನ ಯಾರು ಯಾತಕ್ಕೆ ಮೆರವಣಿಗೆ ಹೊರಡುತ್ತಾರೆಂದು ಹೊರಟವರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಅಣ್ಣನ ಟ್ಯಾಕ್ಸಿ ಬೈಪಾಸ್‌ನಲ್ಲಿ ತೆವಳುತ್ತ ತೆವಳುತ್ತ ಕಸ್ಬಾ ಎಂಬ ಬಡಾವಣೆಯ ಕಡೆಗೆ ತಿರುಗಿ, ಅಲ್ಲಿ ಗಟ್ಟಿಯಾಗಿ ನಿಂತುಬಿಟ್ಟಿತು.

ಬಿಮಲ್‌ದಾ ಎದ್ದು ನಿಂತರು. ಮದುವೆ ಸೀಸನ್, ಅಂಗಡಿ ಬಾಗಿಲು ತೆಗೆಯಲೇಬೇಕು. ಅನು ಅವರ ಡಬ್ಬಿಯನ್ನೇ ನೋಡುತ್ತಿದ್ದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಆಗ ಶಿಖಾದಿ ಸೊಂಟಕ್ಕೆ ಸೆರಗು ಸಿಕ್ಕಿಸಿದರು. 'ಮಾಮಾ ಬರದಿದ್ದರೆ ನಾವೇ ಮಾಮಾನ ಹತ್ತಿರ ಹೋಗೋಣ. ಬಿಮಲ್‌ಬಾಬು ಹೇಗೂ ಗರಿಯಾಹಾಟ್‌ಗೆ ಹೋಗಬೇಕು. ಕಸ್ಬಾದಿಂದ ಒಂದು ಸೇತುವೆ ದಾಟಿದರೆ ಗರಿಯಾಹಾಟ್, ಮಾಮಾ ಅಲ್ಲಿಗೆ ಬರಲಿ. ಅಂಗಡಿಯಲ್ಲೇ ಚುಚ್ಚಿಸಿ.'

ಹೊರಟೆವು. ಬೆಹಾಲಾಕ್ಕೆ ಮೆಟ್ರೋ ಬಂದಿದೆ, ಅದು ನಾವು ಹೋಗಬೇಕಾದ ಕಡೆಗೆ ಮಾತ್ರ ಹೋಗುವುದಿಲ್ಲ. ಟ್ಯಾಕ್ಸಿ ಹಿಡಿದು ಗರಿಯಾಹಾಟ್ ಮುಟ್ಟಿದೆವು. ಫುಟ್‌ಪಾತ್ ತುಂಬ ಸೀರೆ, ಜನ. ಬಿಮಲ್‌ದಾ ಅಂಗಡಿಯ ಮುಂದೆ ನಿಂತು ಮತ್ತೆ ಫೋನ್ ಮಾಡಿದೆ.

ಅಣ್ಣನ ಧ್ವನಿ ಸಣ್ಣದಾಗಿತ್ತು. 'ವೀಣಾ, ಗಾಡಿ ಅಲ್ಲಾಡುವುದೇ ಇಲ್ಲ ಮಾರಾಯ್ತಿ. ಹೋಗುವ ದಾರಿಯೂ ಹೀಗೇ ಇದ್ರೆ ಸಂಜೆಯ ಫ್ಲೈಟ್ ಮಿಸ್ ಆಗ್ತದೆ. ನಾನು... ಇಲ್ಲಿಂದಲೇ ತಿರುಗಿಸಿದ್ರೆ ಹೇಗೆ?'

ಅನು ಪಕ್ಕದಲ್ಲೇ ನಿಂತಿದ್ದಳು. ಫೋನು ಸ್ಪೀಕರ್‌ನಲ್ಲಿತ್ತು.

ನಾನು ಕೂಗಿದೆ. ಗರಿಯಾಹಾಟ್ ನಾಲ್ಕು ರಸ್ತೆ ಕೂಡುವಲ್ಲಿ, ಭಾನುವಾರದ ಸಂತೆಯ ನಡುವೆ, ಅಪ್ಪಟ ಉಡುಪಿ ಕನ್ನಡದಲ್ಲಿ ಕೂಗಿದೆ. 'ತಿರುಗಿಸು ನೋಡುವ! ತಿರುಗಿಸಿದ್ರೆ ಇನ್ನು ನನ್ನ ಮುಖ ನೋಡ್ಬೇಡ! ಕೂತಲ್ಲೇ ಕೂತಿರು! ನಾವೇ ಬರ್ತೇವೆ!' ಸೀರೆ ಅಂಗಡಿಯವರು ಬೆಲೆ ಹೇಳುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

ಬಿಮಲ್‌ದಾ ಏನು ಅರ್ಥ ಮಾಡಿಕೊಂಡರೋ, ಅರ್ಧ ಎತ್ತಿದ ಶಟರ್ ಮತ್ತೆ ಎಳೆದು ಡಬ್ಬಿ ಕಂಕುಳಿಗೆ ಸೇರಿಸಿದರು. ಇಲ್ಲಿಯ ಆಟೋಗಳು ಬಸ್ಸಿನ ಹಾಗೆ, ಒಂದೇ ರೂಟು, ನಾಲ್ಕು ಜನ. ಹಿಂದೆ ನಾನು, ಶಿಖಾದಿ, ನಮ್ಮವರು, ನನ್ನ ತೊಡೆಯ ಮೇಲೆ ಅನು. ಮುಂದೆ ಡ್ರೈವರನ ಪಕ್ಕ ಒಂದು ಕಾಲು ಹೊರಗೆ ಬಿಟ್ಟುಕೊಂಡು ಬಿಮಲ್‌ದಾ. ಸೇತುವೆ ಇಳಿಯುತ್ತಲೇ ಆಟೋ ಕೂಡ ನಿಂತಿತು. ಉಳಿದದ್ದನ್ನು ನಡೆದೆವು. ರೇಷ್ಮೆ ಲಂಗ ಎತ್ತಿಕೊಂಡು ಅನು ಎಲ್ಲರಿಗಿಂತ ಮುಂದೆ ಓಡುತ್ತಿದ್ದಳು. ನಿಂತ ಗಾಡಿಗಳ ಒಳಗೆ ಒಂದೊಂದಾಗಿ ಇಣುಕುತ್ತಿದ್ದಳು. ಮಾವನನ್ನು ವಿಡಿಯೋ ಕಾಲ್‌ನಲ್ಲಿ ನೋಡಿದ್ದಳಲ್ಲ, ಗುರುತು ಹಿಡಿದಳು.

'ಮಾವಾ!'

ದೊಡ್ಡ ಮಾಲ್ ಎದುರು, ಬಿಳಿ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ, ಬೆವರಿ ತೊಪ್ಪೆಯಾಗಿ, ತೊಡೆಯ ಮೇಲೆ ಉಪ್ಪಿನಕಾಯಿಯ ಪೆಟ್ಟಿಗೆ ಕೂರಿಸಿಕೊಂಡು ಅಣ್ಣ ಕುಳಿತಿದ್ದ. ಪೆಟ್ಟಿಗೆ ಇಳಿಸಿ ಸೊಸೆಯನ್ನು ಹತ್ತಿಸಿಕೊಂಡ. ಅವನ ಕಣ್ಣಲ್ಲಿ ನೀರು ಬಂತು. ನನಗೂ ಬಂತು. ಆರು ವರ್ಷದಲ್ಲಿ ಅವನು ಅವಳನ್ನು ಮುಟ್ಟಿದ್ದು ಅದೇ ಮೊದಲು.

ಬಿಮಲ್‌ದಾ ಆ ಕಡೆಯ ಬಾಗಿಲು ತೆಗೆದು ಒಳಗೆ ತೂರಿದರು. 'ದೀದಿ, ಸೀಟ್ ಪೆ ಖೂನ್ ನಹೀ ಗಿರ್‌ನಾ ಚಾಹಿಯೆ' ಎಂದ ಡ್ರೈವರ್. ಸೀಟಿಗೆ ರಕ್ತ ಬೀಳಬಾರದಂತೆ. ನಾನು ಕುಂಕುಮದ ಚುಕ್ಕಿ ಇಟ್ಟೆ. ಹೆಣ್ಣುಮಕ್ಕಳಿಗೆ ಎಡಗಿವಿ ಮೊದಲು ಎಂದು ಫೋನಿನಲ್ಲಿ ಅಮ್ಮ ಬೆಂಗಳೂರಿನಿಂದ ಕೂಗುತ್ತಿದ್ದಳು. ಅಣ್ಣ ಅನುವಿನ ತಲೆಯನ್ನು ಎದೆಗೆ ಒತ್ತಿ ಹಿಡಿದ. ಚೆನ್ನಾಗಿಯೇ ಹಿಡಿದ. ಅಮ್ಮ ಹೇಳಿದ್ದು ಸುಳ್ಳಲ್ಲ, ಸೋದರಮಾವಂದಿರಿಗೆ ಅದು ಬರುತ್ತದೆ. ತಂತಿ ಎಡಗಿವಿ ದಾಟಿತು. ಅನು ಕಿರುಚಿದ ರಭಸಕ್ಕೆ ಟ್ರಾಫಿಕ್ ಪೊಲೀಸ್ ಓಡಿ ಬಂದ.

ಒಬ್ಬ ಮುದುಕ ಸೂಜಿಯಂಥ ತಂತಿ ಹಿಡಿದಿದ್ದಾನೆ, ಒಬ್ಬ ಗಂಡಸು ಮಗುವನ್ನು ಒತ್ತಿ ಹಿಡಿದಿದ್ದಾನೆ, ಮಗು ಕಿರುಚುತ್ತಿದೆ. ಪೊಲೀಸಿಗೆ ಏನನ್ನಿಸಬೇಡ? ಶಿಖಾದಿ ಅಡ್ಡ ನಿಂತು ಬಂಗಾಳಿಯಲ್ಲಿ ಏನೇನೋ ಹೇಳಿದರು. 'ಮಾಮಾ' ಎನ್ನುವ ಶಬ್ದ ಕೇಳಿದ್ದೇ ತಡ, ಅವನು ತಲೆಯಾಡಿಸಿ ನಕ್ಕು ಕ್ಯಾಪ್ ಸರಿಮಾಡಿಕೊಂಡ. ಇನ್ನೊಂದು ಕಿವಿಯ ತನಕ ಅಲ್ಲೇ ನಿಲ್ಲುತ್ತಿದ್ದನೋ ಏನೋ.

ಅಷ್ಟರಲ್ಲಿ ಟ್ರಾಫಿಕ್ ಬಿಟ್ಟಿತು.

ಅಷ್ಟು ಹೊತ್ತಿನಿಂದ ಅಲ್ಲಾಡದ ರಸ್ತೆ, ಆ ಕ್ಷಣವೇ ಬಿಡಬೇಕೇ? ಹಿಂದಿನಿಂದ ಹಾರ್ನ್ ಶುರುವಾಯಿತು. ಪೊಲೀಸ್ ಮತ್ತೆ ಪೊಲೀಸ್ ಆಗಿ ಗಾಡಿಯ ಬಾನೆಟ್ ಬಡಿದ. ಡ್ರೈವರ್ ಬೈದ. ಅನು ಬಲಗಿವಿಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡಳು. ಅಣ್ಣ ವಾಚ್ ನೋಡಿದ.

'ಭಾವ, ಮನೆಗೆ ಬನ್ನಿ. ಎಲೆ ಹಾಕಿಟ್ಟಿದೆ. ಫ್ಲೈಟ್ ಹೋದ್ರೆ ಹೋಗ್ಲಿ, ನಾಳೆ ಹೋದ್ರಾಯ್ತು' ಎಂದರು ನಮ್ಮವರು.

ಅಣ್ಣ ನನ್ನ ಮುಖ ನೋಡಿದ. ಆಮೇಲೆ ಸೊಸೆಯನ್ನು ಇಳಿಸಿ, ಉಪ್ಪಿನಕಾಯಿಯ ಪೆಟ್ಟಿಗೆ ನನ್ನ ಕೈಗಿಟ್ಟ. 'ಸೋಮವಾರ ಕ್ಲಯೆಂಟ್ ಉಂಟು. ಇನ್ನೊಂದು ಕಿವಿ ನೆಕ್ಸ್ಟ್ ಟೈಮ್ ಮಾಡುವ, ಆಯ್ತಾ ಪುಟ್ಟಿ? ಎರಡೂವರೆ ಗಂಟೆ ಅಲ್ವಾ?'

ಟ್ಯಾಕ್ಸಿ ಮುಂದೆ ಹೋಗಿ ಯೂ ಟರ್ನ್ ಹೊಡೆಯಿತು.

ನಾವು ಮನೆಗೆ ಬಂದೆವು. ಒಂದು ಎಲೆ ಹೆಚ್ಚಾಗಿತ್ತು. ಅದರಲ್ಲಿ ಬಿಮಲ್‌ದಾ ಉಂಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು, ಅವರು ಗರಿಯಾಹಾಟ್‌ನಲ್ಲೇ ಇಳಿದುಬಿಟ್ಟಿದ್ದರು. ಹೋಗುವಾಗ, 'ಇನ್ನೊಂದು ತಂತಿ ತೆಗೆದಿಟ್ಟಿರುತ್ತೇನೆ' ಎಂದಿದ್ದರು. ಕೂಲಿ ಕೊಡಲು ಹೋದರೆ ಅರ್ಧ ಕೆಲಸಕ್ಕೆ ಎಂಥದ್ದು ಎಂದು ತೆಗೆದುಕೊಳ್ಳಲಿಲ್ಲ.

ಪಾಯಸ ಉಣ್ಣುವಾಗ ಅಣ್ಣನ ಮೆಸೇಜ್ ಬಂತು. ಏರ್‌ಪೋರ್ಟ್ ಮುಟ್ಟಿದ್ದಾನೆ. ಆದರೆ ವಿಮಾನ ಲೇಟು. ಸ್ವಲ್ಪ ಅಲ್ಲ, ಮೂರು ಗಂಟೆ. ಬೇರೆ ಊರಿಂದ ಬರಬೇಕಾದ ವಿಮಾನವೇ ಇನ್ನೂ ಬಂದಿಲ್ಲವಂತೆ.

ನಾನು ಫೋನ್ ಮಾಡಿದೆ. 'ಮೂರು ಗಂಟೆ ಅಲ್ಲಿ ಕೂತು ಎಂತ ಮಾಡ್ತಿ? ಬಾ ವಾಪಸ್. ಬಿಮಲ್‌ದಾರನ್ನು ಪುನಃ ಕರೀತೇನೆ. ಊಟ ಮಾಡು, ಇನ್ನೊಂದು ಕಿವಿ ಮುಗಿಸು, ಹೋಗು.'

ಅಣ್ಣ ಏನೋ ಜಗಿಯುತ್ತಿದ್ದ. ಪಫ್ ಇರಬೇಕು.

'ಇಲ್ಲಿಂದ ಅಲ್ಲಿಗೆ ಪುನಃ ಬರುವುದಾ?' ಎಂದ. 'ಬೆಹಾಲಾ ದೂರ ಅಲ್ವಾ ಮಾರಾಯ್ತಿ?'

ದೂರ! ಕೇಳಿದಿರಲ್ಲ? ನನ್ನ ಅಣ್ಣನ ಬಾಯಲ್ಲಿ ಆ ಪದ ಬಂದದ್ದು ಇದೇ ಮೊದಲು. ಬೆಂಗಳೂರಿನಿಂದ ಕೋಲ್ಕತ್ತಾ ದೂರವಲ್ಲ. ಮುಂಬೈ ದೂರವಲ್ಲ. ನಾಳೆ ಲಂಡನ್‌ನಲ್ಲಿ ಕ್ಲಯೆಂಟ್ ಸಿಕ್ಕಿದರೆ ಅದೂ ದೂರವಾಗುವುದಿಲ್ಲ. ಏರ್‌ಪೋರ್ಟಿನಿಂದ ತಂಗಿಯ ಮನೆ ಮಾತ್ರ ದೂರ. ಆ ಸೈಟಿನ ಬಾಗಿದ ಗೆರೆ ಮುಗಿದ ಮೇಲೆ ಉಳಿಯುತ್ತದಲ್ಲ ಒಂದು ತುಂಡು ದಾರಿ, ವಿಮಾನ ಹೋಗದ್ದು, ಮನುಷ್ಯನೇ ಬರಬೇಕಾದದ್ದು, ಅದು ಯಾರ ಲೆಕ್ಕದಲ್ಲೂ ಇಲ್ಲ.

ನಾನು ಜಗಳವಾಡಲಿಲ್ಲ. ಉಪ್ಪಿನಕಾಯಿ ಚೆನ್ನಾಗಿದೆ ಎಂದು ಹೇಳಿ ಫೋನ್ ಇಟ್ಟೆ. ನಿಜವಾಗಿಯೂ ಚೆನ್ನಾಗಿತ್ತು. ಅದಕ್ಕೂ ಸಿಟ್ಟು ಬಂತು.

ಮರುದಿನ ಅನು ಶಾಲೆಗೆ ಹೋದಳು. ಎಡಗಿವಿಯಲ್ಲಿ ಚಿನ್ನದ ತಂತಿ, ಬಲಗಿವಿಯಲ್ಲಿ ಸ್ಟಿಕ್ಕರ್. ಮಕ್ಕಳು ನಕ್ಕರೋ ಇಲ್ಲವೋ ಹೇಳಲಿಲ್ಲ. ಸಂಜೆ ಕನ್ನಡಿಯ ಮುಂದೆ ನಿಂತು ತಲೆಯನ್ನು ಆ ಕಡೆ ಈ ಕಡೆ ಹೊರಳಿಸಿ ಬಹಳ ಹೊತ್ತು ನೋಡಿಕೊಂಡಳು. ಮಾಲ್‌ಗೆ ಹೋಗಿ ಗನ್ನಿನಲ್ಲಿ ಹೊಡೆಸೋಣವೇ ಎಂದು ಕೇಳಿದೆ. ಬೇಡ ಎಂದು ತಲೆಯಾಡಿಸಿದಳು. 'ಮಾವ ಹೆಲ್ಡ್ ಮಿ ಸೋ ಟೈಟ್' ಎಂದಳು. ಇನ್ನೊಂದಕ್ಕೂ ಅವನೇ ಬೇಕಂತೆ.

ಅದೇ ಹೊತ್ತಿಗೆ ಅಣ್ಣನ ಮೆಸೇಜ್: 'ಮುಂದಿನ ತಿಂಗಳು ಪಕ್ಕಾ. ಎರಡೂವರೆ ಗಂಟೆ ಅಷ್ಟೇ ಅಲ್ವಾ?' ಜೊತೆಗೆ ವಿಮಾನದ ಒಂದು ಇಮೋಜಿ.

ಎರಡು ಊರುಗಳ ನಡುವಿನ ದೂರ ಹೇಳುವ ಸೈಟುಗಳು ಬೇಕಾದಷ್ಟಿವೆ. ನನಗೆ ಬೇಕಾದದ್ದು ಯಾವುದರಲ್ಲೂ ಸಿಗಲಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ: ಆರು ವರ್ಷದ ಹುಡುಗಿಯ ಎಡಗಿವಿಯಿಂದ ಬಲಗಿವಿಗೆ ಎಷ್ಟು ಗಂಟೆ?